ಚಿರತೆ ಬಂದಾಗ ಬೋನೊಂದೇ ಉಪಾಯವಲ್ಲ



ಹೊತ್ತು ಮುಳುಗಿದೆ. ದನಕರು ಕೊಟ್ಟಿಗೆ ಸೇರಿವೆ. ಒಲೆಯ ಮೇಲೆ ಮುದ್ದೆಗೆ ಎಸರು ಕುದಿಯುತ್ತಿದೆ. ಇಂಥ ಹೊತ್ತಿನಲ್ಲಿ ಹಿತ್ತಿಲ ಕಡೆ ನಾಯಿ ಒಂದೇ ಸಮನೆ ಬೊಗಳಿತು. ತಟ್ಟನೆ ಸುಮ್ಮನಾಯಿತು ಎನ್ನಿ. ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಯಾರೂ ಬಾಯಿಬಿಟ್ಟು ಹೇಳಬೇಕಾದ್ದಿಲ್ಲ. ಚಿರತೆ ಬಂದಿದೆ!

ಅಮೃತೂರು, ಹುಲಿಯೂರುದುರ್ಗ, ಹೆಬ್ಬೂರು, ಗುಬ್ಬಿ, ಈ ಸೀಮೆಯ ಜನಕ್ಕೆ ಇದು ಕಥೆಯಲ್ಲ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿದ ಶಿಂಷಾ ಹೊಳೆ ಮಾರ್ಕೋನಹಳ್ಳಿ ಕಟ್ಟೆಗೆ ಬಂದು ನಿಲ್ಲುವ ತನಕ, ಅದರ ಅಕ್ಕಪಕ್ಕದಲ್ಲೆಲ್ಲ ಬಂಡೆಯ ಗುಡ್ಡಗಳಿವೆ, ಕುರುಚಲು ಕಾಡಿದೆ, ಹಳ್ಳದ ಪೊದೆಗಳಿವೆ, ತೆಂಗಿನ ತೋಟಗಳಿವೆ. ಹಗಲು ಮಲಗುವುದಕ್ಕೆ ಬಂಡೆಯ ಪೊಟರೆ, ಕುಡಿಯುವುದಕ್ಕೆ ಹಳ್ಳದ ನೀರು, ರಾತ್ರಿ ತಿನ್ನುವುದಕ್ಕೆ ಊರ ನಾಯಿ. ಚಿರತೆಗೆ ಇನ್ನೇನು ಬೇಕು? ಹಳಬರು ಕೆಲವರು ಅದನ್ನು ಕಿರುಬ ಎಂದೂ ಕರೆಯುತ್ತಾರೆ. ಹೆಸರು ಯಾವುದಾದರೇನು, ಪ್ರಾಣಿ ಅದೇ.

2019ರ ಕೊನೆಯ ತಿಂಗಳುಗಳಿಂದ 2020ರ ಫೆಬ್ರವರಿಯವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಏನಾಯಿತೆಂಬುದನ್ನು ನೀವು ಮರೆತಿರಲಾರಿರಿ. ವಯಸ್ಸಾದವರು ಚಿರತೆಯ ಬಾಯಿಗೆ ಬಿದ್ದರು. ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಕ್ಕಳು ಬಿದ್ದರು. ಹೊಲಕ್ಕೆ ಹೋಗುವವರು ಗುಂಪು ಕಟ್ಟಿಕೊಂಡು ಹೋದರು. ತಾಯಂದಿರು ಮಕ್ಕಳನ್ನು ಅಂಗಳಕ್ಕೂ ಬಿಡಲಿಲ್ಲ. ಅರಣ್ಯ ಇಲಾಖೆಯವರು ಅಲ್ಲಲ್ಲಿ ಬೋನುಗಳನ್ನಿಟ್ಟರು, ಕ್ಯಾಮೆರಾಗಳನ್ನು ಕಟ್ಟಿದರು, ಚಿರತೆಗಳು ಬಿದ್ದವು. ಅಂದಿನಿಂದ ಎಲ್ಲಿ ಹೆಜ್ಜೆ ಕಂಡರೂ ಊರಿನವರದು ಒಂದೇ ಮಾತು: “ಬೋನು ತನ್ನಿ, ಹಿಡೀರಿ, ದೂರ ಒಯ್ದು ಬಿಡ್ರಿ.”

ಈ ಮಾತು ನ್ಯಾಯವಾದದ್ದೇ. ಮಗುವನ್ನು ಕಳೆದುಕೊಂಡ ಮನೆಯ ಮುಂದೆ ನಿಂತು ಚಿರತೆಯ ಪರವಾಗಿ ವಾದಿಸುವುದು ಮನುಷ್ಯತ್ವವಲ್ಲ. ಆದರೆ ಹಿಡಿದು ಒಯ್ದು ಬಿಟ್ಟರೆ ನಮ್ಮ ಮಕ್ಕಳಿಗೆ ನಿಜವಾಗಿ ಕ್ಷೇಮವಾಗುತ್ತದೆಯೆ? ಇದನ್ನು ಸ್ವಲ್ಪ ಸಾವಧಾನವಾಗಿ ವಿಚಾರ ಮಾಡೋಣ.

ಮೊದಲು ಬೋನಿನ ವಿಚಾರ. ಬೋನೆಂದರೆ ಕಬ್ಬಿಣದ ಸರಳುಗಳ ಉದ್ದನೆಯ ಪೆಟ್ಟಿಗೆ. ಒಳಗೆ ಎರಡು ಭಾಗ. ಹಿಂದಿನ ಭಾಗದಲ್ಲಿ ನಾಯಿಯನ್ನೋ ಆಡನ್ನೋ ಕಟ್ಟುತ್ತಾರೆ. ನಡುವೆ ಸರಳಿನ ಅಡ್ಡವಿರುವುದರಿಂದ ಅದು ಚಿರತೆಗೆ ಎಟಕುವುದಿಲ್ಲ. ಮುಂದಿನ ಭಾಗ ಖಾಲಿ. ಅದರ ಬಾಗಿಲನ್ನು ಮೇಲಕ್ಕೆತ್ತಿ ನಿಲ್ಲಿಸಿರುತ್ತಾರೆ. ನೆಲದಲ್ಲಿ ಒಂದು ಹಲಗೆ. ಚಿರತೆ ಒಳಗೆ ಬಂದು ಆ ಹಲಗೆಯನ್ನು ತುಳಿದರೆ ಕೀಲು ಕಳಚಿ ಬಾಗಿಲು ಧಡಾರನೆ ಬೀಳುತ್ತದೆ. ಬೋನಿನ ಮೇಲೂ ಪಕ್ಕಕ್ಕೂ ಸೊಪ್ಪು ಸದೆ ಹೊದಿಸಿ, ಚಿರತೆ ಓಡಾಡುವ ಜಾಡಿನಲ್ಲಿ ಇಡುತ್ತಾರೆ. ಅದು ಬೀಳುವುದು ಒಂದೇ ರಾತ್ರಿಗಾದರೂ ಆಗಬಹುದು, ತಿಂಗಳಾದರೂ ಬೀಳದೆ ಇರಬಹುದು.

ಬಿದ್ದ ಮೇಲೆ ಏನಾಗುತ್ತದೆ? ಬೆಳಗಾಗುವುದರೊಳಗೆ ಊರೆಲ್ಲ ನೆರೆಯುತ್ತದೆ. ಒಬ್ಬ ಕೋಲಿನಿಂದ ತಿವಿಯುತ್ತಾನೆ, ಇನ್ನೊಬ್ಬ ಕಲ್ಲೆಸೆಯುತ್ತಾನೆ, ನಾಲ್ಕು ಜನ ಫೋನು ಹಿಡಿದು ಮೂತಿಯ ಹತ್ತಿರವೇ ಹೋಗುತ್ತಾರೆ. ಪ್ರಾಣಿ ಬೆದರಿ ಸರಳನ್ನು ಕಚ್ಚಿ ಎಳೆಯುತ್ತದೆ. ಕೋರೆಹಲ್ಲು ಮುರಿಯುತ್ತದೆ, ಉಗುರು ಕೀಳುತ್ತದೆ. ಕೋರೆ ಮುರಿದ ಚಿರತೆ ಮೊದಲಿನ ಹಾಗೆ ಬೇಟೆಯಾಡಲಾರದು. ಅಂಥಾದ್ದನ್ನು ಒಯ್ದು ಎಲ್ಲಿಯಾದರೂ ಬಿಟ್ಟರೆ ಅದು ಸುಲಭವಾಗಿ ಸಿಗುವ ಆಹಾರವನ್ನೇ ಹುಡುಕೀತು. ಆದ್ದರಿಂದ ಬೋನಿಗೆ ಬಿದ್ದ ಪ್ರಾಣಿಯ ಮೇಲೆ ಟಾರ್ಪಾಲು ಮುಚ್ಚಿ, ಜನರನ್ನು ದೂರ ಕಳಿಸಿ, ಸದ್ದಿಲ್ಲದೆ ಸಾಗಿಸುವುದೇ ಸರಿಯಾದ ಕ್ರಮ. ಅದರಿಂದ ಚಿರತೆಗೆ ಉಪಕಾರವಾಗುವುದಿರಲಿ, ಮುಂದೆ ಅದಕ್ಕೆ ಎದುರಾಗುವ ಮನುಷ್ಯನಿಗೆ ಉಪಕಾರ.

ಇನ್ನೊಂದು ಮಾತು. ಬೋನಿಗೆ ಕಣ್ಣಿಲ್ಲ. ತಪ್ಪು ಮಾಡಿದ ಚಿರತೆಯೇ ಬೀಳಬೇಕೆಂಬ ನಿಯಮವೇನೂ ಇಲ್ಲ. ಹಾದಿಯಲ್ಲಿ ಹೋಗುತ್ತಿದ್ದ ಯಾವುದೋ ಒಂದು ಬೀಳಬಹುದು. ಮರಿಯಿರುವ ತಾಯಿಯೇ ಬೀಳಬಹುದು. ಚಿರತೆಯ ಮರಿ ಸುಮಾರು ಒಂದೂವರೆ ವರ್ಷದಿಂದ ಎರಡು ವರ್ಷದವರೆಗೆ ತಾಯಿಯ ಜೊತೆ ಇದ್ದು ಬೇಟೆ ಕಲಿಯುತ್ತದೆ. ತಾಯಿಯನ್ನು ಹಿಡಿದು ಒಯ್ದರೆ, ಅರ್ಧ ಕಲಿತ ಹಸಿದ ಮರಿಗಳು ಊರ ಪಕ್ಕದಲ್ಲೇ ಉಳಿಯುತ್ತವೆ. ಒಂದು ಚಿರತೆಯ ಕಾಟ ಕಳೆಯಲು ಹೋಗಿ ಎರಡನ್ನು ಸಾಕಿಕೊಂಡ ಹಾಗಾಯಿತಲ್ಲವೆ?

“ಆಗಲಿ ಸ್ವಾಮಿ, ಒಂದಂತೂ ಹೋಯಿತಲ್ಲ” ಎಂದು ನೀವು ಹೇಳಬಹುದು. ಹೋಯಿತು, ಆದರೆ ಜಾಗ ಹೋಗಲಿಲ್ಲ. ದೊಡ್ಡ ಚಿರತೆ ತನ್ನದೆಂದು ಒಂದು ಸೀಮೆಯನ್ನು ಕಟ್ಟಿಕೊಂಡಿರುತ್ತದೆ. ಮರ ಗೀರಿ, ಮೂತ್ರ ಚಿಮುಕಿಸಿ, ಕೂಗಿ ಆ ಸೀಮೆಗೆ ಎಲ್ಲೆ ಹಾಕುತ್ತದೆ. ಅನ್ಯ ಚಿರತೆಯನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಹಳೆಯ ಪ್ರಾಣಿಗೆ ಊರ ಮನೆಗಳು, ಜನರು ಓಡಾಡುವ ಹೊತ್ತು, ಎಲ್ಲಾ ಗೊತ್ತು. ಜನರ ಕಣ್ಣಿಗೆ ಬೀಳದೆ ವರ್ಷಗಟ್ಟಲೆ ಬದುಕಿರುತ್ತದೆ. ಅದನ್ನು ತೆಗೆದಿರೋ, ಖಾಲಿ ಬಿದ್ದ ಹೊಲಕ್ಕೆ ಪಕ್ಕದವನ ದನ ನುಗ್ಗುವಂತೆ ಬೇರೊಂದು ನುಗ್ಗುತ್ತದೆ. ಹೀಗೆ ಬರುವುದು ಬಹುಮಟ್ಟಿಗೆ ನೆಲೆಯಿಲ್ಲದ ಎಳೆಯ ಪ್ರಾಯದ್ದು. ಅದಕ್ಕೆ ನಮ್ಮ ಊರು ಹೊಸದು.

ಇತ್ತ ಒಯ್ದು ಬಿಟ್ಟದ್ದರ ಗತಿಯೇನು? ಅದನ್ನು ಬಿಟ್ಟ ಕಾಡಿನಲ್ಲಿ ಮೊದಲೇ ಬೇರೆ ಚಿರತೆಗಳಿವೆ. ಅವು ಇದನ್ನು ಅಟ್ಟುತ್ತವೆ. ಅದು ತನ್ನ ಹಳೆಯ ನೆಲೆಯ ಕಡೆಗೆ ಮುಖ ಮಾಡಿ, ಗುರುತಿಲ್ಲದ ಊರುಗಳ ನಡುವೆ ಹಾದು ಹೊರಡುತ್ತದೆ.

ಇದು ಊಹೆಯ ಮಾತಲ್ಲ. ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ ಪುಣೆ ಜಿಲ್ಲೆಯ ಜುನ್ನರ್ ಎಂಬ ಕಡೆ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ಬಹಳ. 2001ರಿಂದ ಸುಮಾರು ಎರಡು ಮೂರು ವರ್ಷ ಅಲ್ಲಿ ಊರಹತ್ತಿರ ಕಂಡ ಚಿರತೆಗಳನ್ನು ಹಿಡಿದು ಹಿಡಿದು ಕಾಡಿಗೆ ಒಯ್ದು ಬಿಟ್ಟರು. ಸುಮಾರು 40 ಚಿರತೆಗಳು. ವಿದ್ಯಾ ಆತ್ರೇಯ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಮುಂಚಿನ ಲೆಕ್ಕ, ಆಮೇಲಿನ ಲೆಕ್ಕ ಎರಡನ್ನೂ ತೂಗಿ ನೋಡಿ 2011ರಲ್ಲಿ ಪ್ರಕಟಿಸಿದರು. ಹಿಡಿದು ಬಿಡುವ ಮೊದಲು ಮನುಷ್ಯರ ಮೇಲೆ ವರ್ಷಕ್ಕೆ ಸರಾಸರಿ 4 ದಾಳಿಗಳಾಗುತ್ತಿದ್ದವು. ಹಿಡಿದು ಬಿಡಲು ತೊಡಗಿದ ಮೇಲೆ ವರ್ಷಕ್ಕೆ 17 ಆದವು! ಚಿರತೆಗಳನ್ನು ತಂದು ಬಿಟ್ಟ ಕಾಡಿನ ಅಂಚಿನ ಊರುಗಳಲ್ಲೂ ದಾಳಿ ಕಂಡಿತು. ಮದ್ದೇ ರೋಗವಾಯಿತೆಂದರೆ ಇದೇ ಅಲ್ಲವೆ?

ಇನ್ನೊಂದು ಸಂಗತಿ ಕೇಳಿ. 2009ರಲ್ಲಿ ಆಗಿನ ಅಹಮದ್‌ನಗರ ಜಿಲ್ಲೆಯಲ್ಲಿ ಬಾವಿಗೆ ಬಿದ್ದಿದ್ದ ಒಂದು ಮುದಿ ಗಂಡು ಚಿರತೆಯನ್ನು ಮೇಲೆತ್ತಿ, ಕೊರಳಿಗೆ ಅದರ ಜಾಡು ತಿಳಿಸುವ ಪಟ್ಟಿ ಕಟ್ಟಿ, ಮಾಳಶೇಜ್ ಘಟ್ಟದಲ್ಲಿ ಬಿಟ್ಟರು. ಅದಕ್ಕೆ ಅಜೋಬಾ, ಅಂದರೆ ಅಜ್ಜ, ಎಂದು ಹೆಸರಿಟ್ಟರು. ಅಜ್ಜ ಅಲ್ಲಿ ನಿಲ್ಲಲಿಲ್ಲ. ಹೆದ್ದಾರಿ ದಾಟಿತು, ರೈಲುದಾರಿ ದಾಟಿತು, ಸುಮಾರು 120 ಕಿಲೋಮೀಟರು ನಡೆದು ಮುಂಬಯಿಯ ಅಂಚಿನ ಕಾಡನ್ನು ಸೇರಿತು. ದಾರಿಯಲ್ಲಿ ಒಬ್ಬ ಮನುಷ್ಯನನ್ನೂ ಮುಟ್ಟಲಿಲ್ಲ. ಕೊನೆಗೆ 2011ರಲ್ಲಿ ವಾಹನಕ್ಕೆ ಸಿಕ್ಕಿ ಸತ್ತಿತು. ಇದರಿಂದ ಎರಡು ಪಾಠ. ಚಿರತೆಯನ್ನು ಬಿಟ್ಟ ಕಡೆ ಅದು ನಿಲ್ಲುತ್ತದೆಂಬ ಭರವಸೆಯಿಲ್ಲ. ಮತ್ತು ಕೆಣಕದೆ ಬಿಟ್ಟರೆ ಅದು ಮನುಷ್ಯನಿಂದ ತಪ್ಪಿಸಿಕೊಂಡು ಹೋಗುವುದನ್ನೇ ಬಯಸುತ್ತದೆ.

ಹಾಗಾದರೆ ಪ್ರಾಣಿಯನ್ನು ಹಿಡಿದು ಬೇರೆಡೆ ಬಿಡುವ ಕೆಲಸ ಎಲ್ಲೂ ಫಲಿಸುವುದೇ ಇಲ್ಲವೆ? ಫಲಿಸಿದ್ದುಂಟು. ಅಮೆರಿಕ ದೇಶದಲ್ಲಿ ಬೀವರ್ ಎಂಬ ಪ್ರಾಣಿಯಿದೆ. ಇಲಿ, ಅಳಿಲುಗಳ ಕುಲಕ್ಕೆ ಸೇರಿದ್ದು. ತೂಕ ಮಾತ್ರ ಸುಮಾರು 20 ಕಿಲೋ. ಹಲ್ಲಿನಿಂದ ಮರ ಕಡಿದು, ಕೊಂಬೆ, ಮಣ್ಣು, ಕಲ್ಲು ಸೇರಿಸಿ ಹಳ್ಳಕ್ಕೆ ಅಡ್ಡಲಾಗಿ ಕಟ್ಟೆ ಕಟ್ಟುತ್ತದೆ. ತೋಟದ ಪಕ್ಕದಲ್ಲಿ ಕಟ್ಟಿದರೆ ಹಣ್ಣಿನ ಮರ ಹಾಳು, ಹೊಲಕ್ಕೆ ನೀರು. ಅದೇ ಕಟ್ಟೆ ಒಣಗಿದ ಬೆಟ್ಟದ ಹಳ್ಳದಲ್ಲಿ ಎದ್ದರೆ ನೀರು ನಿಂತು ಇಂಗುತ್ತದೆ, ಮಣ್ಣು ಕೊಚ್ಚಿಹೋಗುವುದು ನಿಲ್ಲುತ್ತದೆ, ಬೇಸಿಗೆಯಲ್ಲೂ ಹಸಿರು ಉಳಿಯುತ್ತದೆ. ಆದ್ದರಿಂದ ರೈತರಿಗೆ ಕಾಟ ಕೊಡುವ ಬೀವರ್‌ಗಳನ್ನು ಜೀವಂತ ಹಿಡಿದು, ಕೆಟ್ಟುಹೋದ ಹಳ್ಳಗಳಿಗೆ ಒಯ್ದು ಬಿಡುತ್ತಾರೆ. 1948ರಲ್ಲಿ ಐಡಾಹೊ ಎಂಬ ರಾಜ್ಯದಲ್ಲಿ ರಸ್ತೆಯಿಲ್ಲದ ಬೆಟ್ಟಗಳಿಗೆ 76 ಬೀವರ್‌ಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು ವಿಮಾನದಿಂದ ಪ್ಯಾರಾಚೂಟಿನಲ್ಲಿ ಇಳಿಸಿದರು. ಒಂದು ಹೊರತು ಉಳಿದವೆಲ್ಲ ಬದುಕಿದವು!

ಆ ಕೆಲಸ ಫಲಿಸಿದ್ದು ಯಾತಕ್ಕೆ? ಬಿಟ್ಟ ಜಾಗದಲ್ಲಿ ಬೀವರಿಗೆ ನೀರೂ ಮರವೂ ಇದ್ದವು, ಜಾಗ ತುಂಬಿರಲಿಲ್ಲ, ಹತ್ತಿರದಲ್ಲಿ ಹೊಲ ಮನೆಗಳಿರಲಿಲ್ಲ. ಗಂಡು ಹೆಣ್ಣುಗಳನ್ನು ಜೊತೆಯಾಗಿ ಬಿಟ್ಟದ್ದರಿಂದ ಅವು ಅಲ್ಲೇ ಸಂಸಾರ ಹೂಡಿದವು. ಜಾಗ ನೋಡದೆ ಬಿಟ್ಟರೆ ಬೀವರೂ ಪೀಡೆಯೇ. 1946ರಲ್ಲಿ ತುಪ್ಪಳದ ವ್ಯಾಪಾರವಾದೀತೆಂದು 20 ಬೀವರ್‌ಗಳನ್ನು ದಕ್ಷಿಣ ಅಮೆರಿಕದ ತುದಿಯ ಟಿಯೆರಾ ಡೆಲ್ ಫ್ಯೂಗೊ ದ್ವೀಪಕ್ಕೆ ತಂದು ಬಿಟ್ಟರು. ಅವು ಸಾವಿರಗಟ್ಟಲೆ ಬೆಳೆದು ಅಲ್ಲಿಯ ಹೊಳೆದಂಡೆಯ ಕಾಡನ್ನೇ ಕೊಂದವು. ಇನ್ನು ಚಿರತೆಯ ಮಾತಿಗೆ ಬಂದರೆ, ನಮ್ಮ ನಾಡಿನಲ್ಲಿ ಅದಕ್ಕೆ ಅಂಥ ಖಾಲಿ ಜಾಗವೆಲ್ಲಿದೆ? 2022ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 1,879 ಚಿರತೆಗಳು. ಇರುವ ಕಾಡುಗಳಲ್ಲಿ ಅವು ಆಗಲೇ ಇವೆ. ಕಾಡಿನ ಅಂಚಿನಲ್ಲಿ ನಮ್ಮಂಥ ರೈತರೇ ಇದ್ದಾರೆ. ನಮ್ಮ ಮನೆಯ ಭಯವನ್ನು ಗಾಡಿಗೆ ಹಾಕಿ ಇನ್ನೊಬ್ಬರ ಮನೆಯ ಮುಂದೆ ಇಳಿಸಿದರೆ ಅದು ನ್ಯಾಯವೆ?

ಹಾಗೆಂದು ಬೋನೇ ಬೇಡವೆಂದು ಹೇಳುತ್ತಿಲ್ಲ. ಚಿರತೆ ಮನುಷ್ಯನನ್ನು ಕೊಂದಿದ್ದರೆ, ಮತ್ತೆ ಮತ್ತೆ ಮನುಷ್ಯರ ಮೇಲೆ ಬೀಳುತ್ತಿದ್ದರೆ, ಮನೆಯೊಳಗೋ ಬಾವಿಯೊಳಗೋ ಸಿಕ್ಕಿಕೊಂಡಿದ್ದರೆ ಹಿಡಿಯಲೇಬೇಕು. ಮನುಷ್ಯರನ್ನು ಕೊಂದದ್ದನ್ನು ಮತ್ತೆ ಕಾಡಿಗೆ ಬಿಡದೆ ಪುನರ್ವಸತಿ ಕೇಂದ್ರದಲ್ಲಿ ಇಡುವುದೇ ಸರಿ. ಆದರೆ ಹಿಡಿಯುವ ಅಧಿಕಾರ ನಮಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಅಪ್ಪಣೆಯಾಗಬೇಕು. ಹೆಜ್ಜೆ ಕಂಡಿತು, ಒಂದು ನಾಯಿ ಹೋಯಿತು ಎಂಬಷ್ಟಕ್ಕೇ ಹಿಡಿಯುವುದು ಬೇಡವೆಂದು ಕೇಂದ್ರ ಸರ್ಕಾರ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಅಭಿಪ್ರಾಯವೂ ಹೌದು.

ಯಾವ ಹಳ್ಳಿಯಲ್ಲಾದರೂ ಹೀಗೊಂದು ಮಾತುಕತೆ ನಡೆದೀತು, ಕೇಳಿ.

ಯಜಮಾನ: ಏನ್ ಸಾರ್, ಮೂರು ಆಡು ಹೋದ್ವು. ನೀವು ನೋಡಿದ್ರೆ ಬೋನು ಬ್ಯಾಡ ಅಂತೀರಿ. ನಾವೇನು ಆಡು ಸಾಕೋದು ಚಿರತೆಗೋ?

ಗಾರ್ಡು: ಕೋಪ ಮಾಡ್ಕೋಬ್ಯಾಡಿ ಗೌಡ್ರೇ. ಆಡು ಎಲ್ಲಿ ಕಟ್ಟಿದ್ರಿ?

ಯಜಮಾನ: ಇನ್ನೆಲ್ಲಿ, ಹಿತ್ಲಲ್ಲಿ. ಸುತ್ತ ಮುಳ್ಳು ಹಾಕಿವ್ನಿ.

ಗಾರ್ಡು: ಮೇಲೆ?

ಯಜಮಾನ: ಮೇಲೆ ಆಕಾಶ.

ಗಾರ್ಡು: ಅಲ್ಲೇ ಬಂದದ್ದು ಅದು. ಆಳೆತ್ತರದ ಗೋಡೆ ಅದಕ್ಕೆ ಒಂದು ನೆಗೆತ. ಇದನ್ನ ಹಿಡಿದು ಒಯ್ತೀವಿ ಅನ್ನಿ, ನಿಮ್ಮ ದೊಡ್ಡಿ ಹಿಂಗೇ ಇದ್ರೆ ಮುಂದಿನ ತಿಂಗಳು ಇನ್ನೊಂದು ಬರ್ತದೆ. ಮೇಲೊಂದು ಜಾಲರಿ ಹಾಕಿಸಿ ನೋಡಿ.

ಯಜಮಾನ: ಹೋದ ಆಡಿನ ಗತಿ?

ಗಾರ್ಡು: ಅದಕ್ಕೆ ಪರಿಹಾರದ ಅರ್ಜಿ ಬರ್ಕೊಳ್ಳಾಣ. ಉಳಿದ ಮೈನ ಮುಟ್ಟಬ್ಯಾಡಿ, ಇದ್ದಲ್ಲೇ ಇರ್ಲಿ. ದನದ ಡಾಕ್ಟ್ರು ನೋಡ್ಬೇಕು.

ಗಾರ್ಡಿನ ಮಾತಿನಲ್ಲಿ ಸಾರವಿದೆ. ಚಿರತೆ ಊರಿಗೆ ಬರುವುದು ಮನುಷ್ಯನ ಆಸೆಯಿಂದಲ್ಲ. ಮಹಾರಾಷ್ಟ್ರದ ಅಕೋಲೆ ಎಂಬ ತಾಲ್ಲೂಕಿನ ಹೊಲಗದ್ದೆಗಳ ನಡುವೆ ಬದುಕುವ ಚಿರತೆಗಳ ಹಿಕ್ಕೆಯನ್ನು ಪರೀಕ್ಷಿಸಿ, ಅವು ಏನು ತಿನ್ನುತ್ತವೆಂದು ಲೆಕ್ಕ ಹಾಕಿದರು. ತಿಂದ ಮಾಂಸದ ತೂಕದಲ್ಲಿ ನೂರಕ್ಕೆ ಸುಮಾರು 39 ಪಾಲು ನಾಯಿಯದೇ. ಬೀದಿಯಲ್ಲಿ ಕೊಬ್ಬಿದ ನಾಯಿ ಹಿಂಡು ಎಂದರೆ ಚಿರತೆಗೆ ಬಡಿಸಿಟ್ಟ ಎಲೆ. ಕೋಳಿ ಅಂಗಡಿಯ ಕಸ, ಸತ್ತ ಕರು, ಇವನ್ನು ಊರ ಪಕ್ಕದ ಹಳ್ಳಕ್ಕೆ ಎಸೆದರೆ ನಾಯಿ ಹೆಚ್ಚುತ್ತವೆ. ನಾಯಿಯ ಹಿಂದೆ ಚಿರತೆ. ಆಮಂತ್ರಣ ಕೊಟ್ಟವರು ಯಾರು? ನಾವೇ.

ಆದ್ದರಿಂದ ನಮ್ಮ ಕೈಯಲ್ಲಿರುವ ಕೆಲಸಗಳನ್ನು ಹೇಳುತ್ತೇನೆ.

ಒಂದನೆಯದು, ಕೊಟ್ಟಿಗೆ. ಆಡು, ಕುರಿ, ಕರುಗಳನ್ನು ರಾತ್ರಿ ಬಯಲಿನಲ್ಲಿ ಕಟ್ಟಬೇಡಿ. ನಾಲ್ಕು ಕಡೆಯೂ ಗೋಡೆ ಅಥವಾ ಗಟ್ಟಿ ತಂತಿಜಾಲರಿ, ಮೇಲೆ ಸೂರು, ಅಲುಗಾಡದ ಬಾಗಿಲು, ಅದಕ್ಕೆ ಚಿಲಕ. ಕಿಂಡಿಗಳಿದ್ದರೆ ಅವಕ್ಕೂ ಜಾಲರಿ ಬಡಿಯಿರಿ. ಸಾಕಿದ ನಾಯಿಯನ್ನೂ ರಾತ್ರಿ ಒಳಗೆ ಸೇರಿಸಿ. ಇದಕ್ಕೆ ತಗಲುವ ಖರ್ಚು ಒಂದೆರಡು ಆಡಿನ ಬೆಲೆಯಾದೀತು. ಕೊಟ್ಟಿಗೆ ಮಾತ್ರ ವರ್ಷಗಟ್ಟಲೆ ಬಾಳುತ್ತದೆ.

ಎರಡನೆಯದು, ಮಕ್ಕಳು. ಇದೇ ಎಲ್ಲಕ್ಕಿಂತ ಮುಖ್ಯ. ಕತ್ತಲಾಗುವ ಮುಂಚೆ ಮಕ್ಕಳು ಮನೆಯೊಳಗಿರಬೇಕು. ಹೊಲಕ್ಕೆ ಕರೆದೊಯ್ದರೆ ಬದುವಿನ ಮೇಲೆ ಒಂಟಿಯಾಗಿ ಕೂರಿಸಬೇಡಿ. ಮಗು ದೊಡ್ಡವರ ಕೈಗೆಟಕುವಷ್ಟು ಹತ್ತಿರವಿರಲಿ. ದೊಡ್ಡವರಾದರೂ ಪೊದೆಯ ಮಗ್ಗುಲಲ್ಲಿ ಬಗ್ಗಿ ಕಳೆ ಕೀಳುವಾಗ, ಹುಲ್ಲು ಕೊಯ್ಯುವಾಗ ಇಬ್ಬರು ಮೂವರು ಜೊತೆಯಲ್ಲಿರಿ. ಬಗ್ಗಿದ, ಕುಕ್ಕುರುಗಾಲಿನಲ್ಲಿ ಕುಳಿತ ಮನುಷ್ಯ ಚಿರತೆಯ ಕಣ್ಣಿಗೆ ಚಿಕ್ಕ ಪ್ರಾಣಿಯಂತೆ ಕಾಣುತ್ತಾನೆ. ಬಹಿರ್ದೆಸೆಗೆ ಬಯಲಿಗೆ ಹೋಗದೆ ಮನೆಯ ಕಕ್ಕಸನ್ನೇ ಬಳಸಿ. ಸೆಖೆಯೆಂದು ಅಂಗಳದಲ್ಲಿ ಮಲಗುವ ರೂಢಿಯನ್ನು ಚಿರತೆ ಸುಳಿದಾಡುವ ಕಾಲದಲ್ಲಿ ಬಿಡಿ.

ಮೂರನೆಯದು, ರಾತ್ರಿಯ ಓಡಾಟ. ಪಂಪಿಗೆ ಕರೆಂಟು ರಾತ್ರಿ ಬಂದರೆ ಹೋಗಲೇಬೇಕಾಗುತ್ತದೆ, ಬಲ್ಲೆವು. ಒಬ್ಬರೇ ಹೋಗಬೇಡಿ. ಟಾರ್ಚು ಹಿಡಿಯಿರಿ. ಗಟ್ಟಿಯಾಗಿ ಮಾತನಾಡುತ್ತ ಹೋಗಿ, ಇಲ್ಲವೇ ಫೋನಿನಲ್ಲಿ ಹಾಡು ಹಾಕಿಕೊಳ್ಳಿ. ಮನುಷ್ಯ ಬರುತ್ತಾನೆಂದು ಮುಂಚಿತವಾಗಿ ತಿಳಿದರೆ ಚಿರತೆ ತಾನೇ ಸರಿದುಹೋಗುತ್ತದೆ. ಎದುರಾಬದುರಾಗಿ ಬೆಚ್ಚಿಬಿದ್ದಾಗಲೇ ಅಪಾಯ.

ನಾಲ್ಕನೆಯದು, ಪೊದೆ. ಮನೆಯ ಸುತ್ತ, ಶಾಲೆಯ ದಾರಿಯ ಎರಡು ಪಕ್ಕ, ಲಂಟಾನ, ಜಾಲಿಯ ಪೊದೆಯನ್ನು ಸವರಿ. ಆದರೆ ಹಳ್ಳದ ದಂಡೆಯನ್ನೆಲ್ಲ ಬೋಳು ಮಾಡಬೇಡಿ. ದಂಡೆಯ ಗಿಡಮರದ ಬೇರು ಮಣ್ಣು ಹಿಡಿದಿದೆ. ಅದು ಹೋದರೆ ಮೊದಲ ಮಳೆಗೇ ಹೂಳು ಕೆರೆಗೆ ಬರುತ್ತದೆ. ಜನ ನಡೆಯುವ ಕಡೆ ಬಯಲಾಗಲಿ, ಉಳಿದೆಡೆ ಹಸಿರು ಇರಲಿ.

ಐದನೆಯದು, ಮಾಡಬಾರದ ಕೆಲಸ. ಹಂದಿಗೆಂದು ತಂತಿಯ ಉರುಳು ಕಟ್ಟಬೇಡಿ. ಅದಕ್ಕೆ ಚಿರತೆ ಸಿಕ್ಕಿಕೊಂಡರೆ ಬಿಡಿಸಲು ಹೋದವನ ಮೇಲೆ ಹಾರೀತು. ಬೇಲಿಗೆ ಮನೆಯ ಕರೆಂಟು ಹಾಯಿಸಬೇಡಿ. ಸಾಯುವವರು ನಿಮ್ಮ ನೆರೆಯವರೇ ಆದಾರು. ತಿಂದುಳಿದ ಮೈಗೆ ವಿಷ ಸವರಬೇಡಿ. ಇವೆಲ್ಲ ಶಿಕ್ಷೆಗೆ ಗುರಿಯಾಗುವ ಅಪರಾಧಗಳು. ಹಾಗೆಯೇ ಪಾಳುಬಾವಿಗೆ, ನೀರಿನ ಬಾವಿಗೆ ಕಟ್ಟೆ ಕಟ್ಟಿಸಿ. ರಾತ್ರಿ ನಾಯಿಯನ್ನು ಅಟ್ಟಿಸಿಕೊಂಡು ಬಂದು ಬಾವಿಗೆ ಬೀಳುವ ಚಿರತೆಗಳುಂಟು.

ರಾಗಿ ಹೊಲದಲ್ಲೋ ಪೊದೆಯಲ್ಲೋ ಮರಿಗಳು ಕಂಡರೆ ಮುದ್ದಾಗಿವೆಯೆಂದು ಎತ್ತಿಕೊಂಡು ಬರಬೇಡಿ. ತಾಯಿ ಹತ್ತಿರದಲ್ಲೇ ಇರುತ್ತದೆ. ಇದ್ದಲ್ಲೇ ಬಿಟ್ಟು, ಜನ ಹಿಂದಕ್ಕೆ ಸರಿದು, ಇಲಾಖೆಗೆ ತಿಳಿಸಿ. ಕತ್ತಲಾದ ಮೇಲೆ ತಾಯಿ ಬಂದು ಬಾಯಲ್ಲಿ ಕಚ್ಚಿಕೊಂಡು ಒಯ್ಯುತ್ತದೆ. ಮಹಾರಾಷ್ಟ್ರದ ಕಬ್ಬಿನ ಸೀಮೆಯಲ್ಲಿ ಹೀಗೆ ಎಷ್ಟೋ ಮರಿಗಳನ್ನು ತಾಯಿಗೆ ಸೇರಿಸಿದ್ದಾರೆ.

ಚಿರತೆ ಕಣ್ಣೆದುರಿಗೇ ಬಂದರೆ? ಓಡಬೇಡಿ, ಬಗ್ಗಬೇಡಿ, ಕೂರಬೇಡಿ. ಮಗು ಜೊತೆಗಿದ್ದರೆ ಮೊದಲು ಎತ್ತಿಕೊಳ್ಳಿ. ನೆಟ್ಟಗೆ ನಿಂತು, ಕೈಯೆತ್ತಿ, ಗಟ್ಟಿಯಾಗಿ ಕೂಗುತ್ತ ಮೆಲ್ಲಮೆಲ್ಲನೆ ಹಿಂದಕ್ಕೆ ಸರಿಯಿರಿ. ಅದಕ್ಕೆ ಓಡಿಹೋಗಲು ದಾರಿ ಬಿಡಿ. ಊರೆಲ್ಲ ದೊಣ್ಣೆ ಹಿಡಿದು ಸುತ್ತುವರಿದರೆ, ತಪ್ಪಿಸಿಕೊಳ್ಳಲು ಅದು ಜನರ ಮೇಲೆಯೇ ಬೀಳುತ್ತದೆ. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಒಂದು ಶಾಲೆಯ ಆವರಣದಲ್ಲಿ ಚಿರತೆ ಸಿಕ್ಕಿಕೊಂಡಾಗ, ಚಿರತೆಯ ವಿಚಾರವನ್ನೇ ಅಧ್ಯಯನ ಮಾಡಿದ ವಿಜ್ಞಾನಿ ಸಂಜಯ್ ಗುಬ್ಬಿಯವರೇ ಅದರ ಬಾಯಿಗೆ ಸಿಕ್ಕಿ ಗಾಯಗೊಂಡರು. ಬಲ್ಲವರಿಗೇ ಹೀಗಾದರೆ ನಮ್ಮ ನಿಮ್ಮ ಪಾಡೇನು? ದೂರ ನಿಲ್ಲಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನು ಮಾಡಿ. ಈ ಸಂಖ್ಯೆಯನ್ನು ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಾದರೂ ಬರೆದಿಡಿ.

ರೈತ ಬಾಂಧವರೇ, ಬೋನು ಕೊನೆಯ ಮದ್ದು. ಮೊದಲ ಮದ್ದು ಕೊಟ್ಟಿಗೆಯ ಚಿಲಕದಲ್ಲಿದೆ, ಕೈಯ ಟಾರ್ಚಿನಲ್ಲಿದೆ, ಮಗುವಿನ ಕೈಹಿಡಿದ ತಾಯಿಯ ಎಚ್ಚರದಲ್ಲಿದೆ. ಚಿರತೆಯನ್ನು ಎಷ್ಟು ದೂರ ಒಯ್ದರೂ ನಮ್ಮ ಗುಡ್ಡ, ನಮ್ಮ ಹಳ್ಳ, ನಮ್ಮ ಬೀದಿನಾಯಿ ಇಲ್ಲೇ ಇರುತ್ತವೆ. ಇನ್ನೊಂದು ಬಂದೇ ಬರುತ್ತದೆ. ಬಂದದ್ದು ಹಸಿದ ಹೊಟ್ಟೆಯಲ್ಲೇ ಹಿಂದಿರುಗುವ ಹಾಗೆ ಊರನ್ನು ಇಟ್ಟುಕೊಳ್ಳುವುದು ನಮ್ಮ ಕೆಲಸ.

ಈಗ ಎದ್ದು ಕೊಟ್ಟಿಗೆಯ ಬಾಗಿಲನ್ನು ಒಮ್ಮೆ ನೋಡಿಕೊಂಡು ಬನ್ನಿ. ಮಕ್ಕಳೆಲ್ಲ ಒಳಗಿದ್ದಾರೆಯೇ, ಎಣಿಸಿಕೊಳ್ಳಿ.